ನಾನು ತೆಗೆಸಿದ ಸಾಲು

ಭಾರತೀನಗರದ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ಮನೆ ಮದ್ದೂರಿನಲ್ಲಿ, ವೈದ್ಯನಾಥಪುರದ ಕಡೆ ಹೋಗುವ ರಸ್ತೆಯಲ್ಲಿ. ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಬಸ್ಸು ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ತೆವಳುತ್ತದೆ. ಮೊದಲ ಪೀರಿಯಡ್ಡಿಗೆ ನಾನು ತಡವಾಗಿ ಹೋದರೂ ಯಾರೂ ಕೇಳುವುದಿಲ್ಲ, ಯಾಕೆಂದರೆ ಅರ್ಧ ಕ್ಲಾಸು ಅದೇ ಬಸ್ಸಿನಲ್ಲಿ ನನ್ನ ಹಿಂದೆ ನಿಂತಿರುತ್ತದೆ.

ಎರಡು ವರ್ಷದ ಹಿಂದೆ ಬಿಸಿಎ ಕೊನೆಯ ವರ್ಷದಲ್ಲಿ ಒಬ್ಬ ಹುಡುಗಿ ಇದ್ದಳು. ಮಳವಳ್ಳಿ ಕಡೆಯ ಹಳ್ಳಿಯವಳು. ಅವಳ ತಾಯಿ ಆ ಊರಿನ ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ಬಸುರಿಯರನ್ನು, ಬಾಣಂತಿಯರನ್ನು, ಎಳೆ ಮಕ್ಕಳನ್ನು, ಬಿಪಿ ಸಕ್ಕರೆ ಕಾಯಿಲೆಯವರನ್ನು ವಿಚಾರಿಸಿಕೊಂಡು ಬರುವುದು ಆಕೆಯ ಕೆಲಸ. ಹುಡುಗಿ ಕ್ಲಾಸಿನಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಕೊನೆಯ ಬೆಂಚಿನ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಒರೆಸುವ ಮೊದಲು ಬರೆದುಕೊಂಡುಬಿಡಬೇಕು ಅನ್ನುವ ಅವಸರ ಅವಳ ಕೈಯಲ್ಲಿ ಯಾವಾಗಲೂ ಇರುತ್ತಿತ್ತು.

ಆ ವರ್ಷ ನಾನು ಅವರಿಗೆ ಪೇರೆಂಟ್ ಕ್ಲಾಸು, ಚೈಲ್ಡ್ ಕ್ಲಾಸು ಅನ್ನುವ ಪಾಠ ಮಾಡಿದ್ದೆ. ಪ್ರೋಗ್ರಾಮಿನಲ್ಲಿ ಮೊದಲು ‘ಕ್ಲಾಸು’ ಅನ್ನುವ ಒಂದು ಸಾಮಾನ್ಯ ನಮೂನೆ ಮಾಡಿಕೊಳ್ಳುತ್ತೇವೆ. ‘ವ್ಯಕ್ತಿ’ ಅನ್ನಿ. ಹೆಸರು, ಮನೆ, ವಯಸ್ಸು ಎಲ್ಲ ಅದರಲ್ಲಿರುತ್ತದೆ. ಆಮೇಲೆ ಅದರಿಂದಲೇ ‘ವಿದ್ಯಾರ್ಥಿ’ ಅನ್ನುವ ಇನ್ನೊಂದು ನಮೂನೆ ಹುಟ್ಟಿಸಬಹುದು. ವ್ಯಕ್ತಿಗೆ ಇರುವುದೆಲ್ಲ ವಿದ್ಯಾರ್ಥಿಗೂ ಬರುತ್ತದೆ, ನಾವು ಹೆಚ್ಚಿನದನ್ನು ಮಾತ್ರ ಸೇರಿಸಿದರೆ ಸಾಕು. ಆದರೆ ಒಂದು ಎಚ್ಚರ ಬೇಕು. ಮೇಲಿನ ನಮೂನೆ ಮಾಡುವ ಕೆಲಸವೊಂದನ್ನು ಕೆಳಗಿನದರಲ್ಲಿ ಅದೇ ಹೆಸರಿನಲ್ಲಿ ಹೊಸದಾಗಿ ಬರೆದರೆ, ಮೇಲಿನದು ತಾನಾಗಿ ನಡೆಯುವುದಿಲ್ಲ. ‘ಸೂಪರ್’ ಎಂದು ಬರೆದು ಅದನ್ನು ಕರೆಯಬೇಕು. ಶುರುವಿನಲ್ಲಿ ವಿವರಗಳನ್ನು ತುಂಬುವ ಕನ್ಸ್ಟ್ರಕ್ಟರಿಗೂ ಇದೇ ನಿಯಮ, ಉಳಿದ ಕೆಲಸಗಳನ್ನು ಮಾಡುವ ಮೆಥಡ್‌ಗಳಿಗೂ ಇದೇ. ಕನ್ಸ್ಟ್ರಕ್ಟರಿನಲ್ಲಿ ಕರೆಯಲು ಮರೆತರೆ ಸಾಮಾನ್ಯವಾಗಿ ಪ್ರೋಗ್ರಾಮು ಎಲ್ಲಾದರೂ ಮುಗ್ಗರಿಸಿ ನಿಲ್ಲುತ್ತದೆ, ತಪ್ಪು ಗೊತ್ತಾಗುತ್ತದೆ. ಮೆಥಡ್‌ನಲ್ಲಿ ಮರೆತರೆ ಹಾಗಲ್ಲ. ಪ್ರೋಗ್ರಾಮು ಏನೂ ಆಗಿಲ್ಲವೆಂಬಂತೆ ಓಡುತ್ತದೆ, ಮೇಲಿನ ನಮೂನೆ ಮಾಡಬೇಕಿದ್ದ ಕೆಲಸ ಮಾತ್ರ ಆಗಿರುವುದಿಲ್ಲ. ಇದನ್ನು ನಾನೇ ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಪ್ರಾಜೆಕ್ಟಿಗೆ ಹೆಚ್ಚಿನವರು ಗ್ರಂಥಾಲಯ, ಬಸ್ ಟಿಕೆಟ್ಟು ಎಂದು ಹಳೆಯ ವಿಷಯಗಳನ್ನೇ ಬರೆದುಕೊಟ್ಟರು. ಈ ಹುಡುಗಿ ಬಂದು ನಿಂತಳು.

“ಮಿಸ್, ನಮ್ಮಮ್ಮಂಗೆ ಒಂದು ಮಾಡ್ಕೊಡ್ಲಾ? ವಾರಕ್ಕೊಂದ್ಸಲ ಯಾರ್ ಮನೆಗೆ ಓಗ್ಬೇಕು, ಏನೇನ್ ಕೇಳ್ಬೇಕು ಅಂತ ಚೀಟಿ ತೆಗ್ಯೋದು.”

“ನಿಮ್ಮಮ್ಮ ಈಗ ಹೇಗೆ ಮಾಡ್ತಾರೆ?”

“ಎಲ್ಲ ತಲೇಲಿ ಮಡಿಕಂಡವ್ಳೆ ಮಿಸ್. ಒಂದ್ ಪುಸ್ತಕ ಐತೆ, ಅದು ಅವ್ಳಿಗೆ ಬುಟ್ರೆ ಬ್ಯಾರೇರ್ಗೆ ಅರ್ತ ಆಗಲ್ಲ.”

ನನಗೆ ಬಹಳ ಹಿಡಿಸಿತು. ಅವಳು ಅಚ್ಚುಕಟ್ಟಾಗಿ ಬರೆದುಕೊಂಡು ಬಂದಳು. ‘ವ್ಯಕ್ತಿ’ ಅನ್ನುವ ಮೇಲಿನ ನಮೂನೆಯಲ್ಲಿ ಹೆಸರು, ಮನೆ, ಮೊದಲಿನಿಂದ ಇರುವ ಕಾಯಿಲೆ, ಅದಕ್ಕೆ ತೆಗೆದುಕೊಳ್ಳುವ ಮಾತ್ರೆ. ಕೆಳಗೆ ‘ಗರ್ಭಿಣಿ’, ‘ಬಾಣಂತಿ’, ‘ಮಗು’. ‘ಭೇಟಿ’ ಅನ್ನುವ ಮೆಥಡ್ ಕೇಳಬೇಕಾದ ಪ್ರಶ್ನೆಗಳನ್ನು ಕೊಡುತ್ತಿತ್ತು. ವ್ಯಕ್ತಿಯ ಭೇಟಿಯಲ್ಲಿ ಜ್ವರ ಇದೆಯಾ, ಹಳೆಯ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾರಾ, ಮಾತ್ರೆ ಮುಗಿದಿದೆಯಾ. ಗರ್ಭಿಣಿಯ ಭೇಟಿಯಲ್ಲಿ ಮೊದಲು ಸೂಪರ್ ಎಂದು ಇವೆಲ್ಲವನ್ನೂ ಕರೆದು, ಆಮೇಲೆ ಕಬ್ಬಿಣದ ಮಾತ್ರೆ, ಇಂಜೆಕ್ಷನ್, ಮತ್ತೆ ಜ್ವರ, ಮಗುವಿನ ಮಿಸುಕಾಟ, ಸ್ಕ್ಯಾನಿಂಗ್ ತಾರೀಕು.

ಅಷ್ಟರಲ್ಲಿ ಮಂಡ್ಯದಲ್ಲಿ ಕಾಲೇಜುಗಳ ನಡುವೆ ಪ್ರಾಜೆಕ್ಟುಗಳ ಪ್ರದರ್ಶನ ಇದೆ ಎಂದು ಗೊತ್ತಾಯಿತು. ನಮ್ಮ ವಿಭಾಗದಿಂದ ಇವಳದ್ದನ್ನೇ ಕಳಿಸೋಣ ಎಂದು ನಾನು ಹಟ ಹಿಡಿದೆ. ಹಿಂದಿನ ದಿನ ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ಕೊನೆಯ ಸಲ ನೋಡುತ್ತಿದ್ದೆವು. ಗರ್ಭಿಣಿಯ ಚೀಟಿ ಪ್ರಿಂಟ್ ಆದಾಗ ಎರಡನೇ ಹಾಳೆಗೆ ಮೂರು ಸಾಲು ಹೋಯಿತು. ಜ್ವರದ ಪ್ರಶ್ನೆ ಎರಡು ಸಲ ಬಂದಿತ್ತು. ಮಾತ್ರೆ ಅನ್ನುವ ಪದ ನಾಲ್ಕು ಕಡೆ ಇತ್ತು. ನನ್ನ ಕಣ್ಣಿಗೆ ಅದು ಕೊಳಕಾಗಿ ಕಂಡಿತು.

“ಇದ್ಯಾಕೆ ಎರಡೆರಡು ಸಲ? ಗರ್ಭಿಣಿಗೆ ಬೇಕಾದ್ದೆಲ್ಲ ಕೆಳಗೆ ಬೇರೆಯಾಗಿ ಬರೆದಿದ್ದೀಯಲ್ಲ. ಈ ಸೂಪರ್ ಸಾಲು ತೆಗಿ, ಒಂದೇ ಹಾಳೆಗೆ ಬರುತ್ತೆ.”

ಅವಳು ಮೌಸಿನಿಂದ ಕೈ ತೆಗೆದಳು. “ಅದು ಇರ್ಲಿ ಬುಡಿ ಮಿಸ್. ಕೆಲವ್ರಿಗೆ…”

“ನಾಳೆ ನೋಡೋರು ಮೊದಲು ಹಾಳೆ ನೋಡ್ತಾರಮ್ಮ. ತೆಗಿ.”

ತೆಗೆದಳು. ಚೀಟಿ ಒಂದೇ ಹಾಳೆಗೆ ಚೆನ್ನಾಗಿ ಕೂತಿತು. ಮಂಡ್ಯದಲ್ಲಿ ನಮಗೆ ಎರಡನೇ ಬಹುಮಾನ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಪಕ್ಕದಲ್ಲೇ ಕೂತಿದ್ದಳು; ಹಿಂದಿನ ದಿನ ಲ್ಯಾಬಿನಲ್ಲಿ ಅವಳ ಮಾತನ್ನು ನಾನು ಪೂರ್ತಿ ಕೇಳಿರಲಿಲ್ಲ ಎನ್ನುವುದು ನನಗೆ ನೆನಪೂ ಇರಲಿಲ್ಲ.

ಆಮೇಲೆ ಆ ಪ್ರೋಗ್ರಾಮನ್ನು ಅವಳು ತಾಯಿಗೆ ನಿಜವಾಗಿಯೂ ಬಳಸಲು ಕೊಟ್ಟಳು. ಶನಿವಾರ ಲ್ಯಾಬಿನಲ್ಲಿ ಚೀಟಿ ತೆಗೆದು ಊರಿಗೆ ಒಯ್ಯುತ್ತಿದ್ದಳು. ತಾಯಿ ಅದನ್ನು ಚೀಲದಲ್ಲಿ ಇಟ್ಟುಕೊಂಡು, ಕೇಳುವುದನ್ನು ಮೊದಲಿನಂತೆ ತಲೆಯಿಂದಲೇ ಕೇಳುತ್ತಿದ್ದರಂತೆ. ಮಗಳು ಮಾಡಿದ್ದು ಎಂದು ಎಲ್ಲರಿಗೂ ತೋರಿಸುತ್ತಿದ್ದರಂತೆ.

ಹಾಗೆ ಒಂದೆರಡು ತಿಂಗಳು ನಡೆಯಿತು. ಆಮೇಲೆ ಆ ತಾಯಿಯ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಇವರು ಹತ್ತಿರ ಹತ್ತಿರ ಒಂದು ತಿಂಗಳು ಅಮ್ಮನ ಜೊತೆ ಆಸ್ಪತ್ರೆಯಲ್ಲೇ ಇರಬೇಕಾಯಿತು. ಪಕ್ಕದೂರಿನ ಕಾರ್ಯಕರ್ತೆ ಇವರ ಮನೆಗಳನ್ನೂ ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡರು. “ಎಲ್ಲ ಚೀಟಿನಾಗೈತೆ, ಅದ್ನೇ ನೋಡ್ಕಂಡು ಕೇಳವ್ವ” ಎಂದು ಇವರು ಹೇಳಿ ಹೋದರು.

ಆ ಮನೆಗಳಲ್ಲೊಂದರಲ್ಲಿ ಏಳು ತಿಂಗಳ ಬಸುರಿ ಇದ್ದಳು. ಬಸುರಿಯಾಗುವ ಮುಂಚಿನಿಂದಲೂ ಅವಳಿಗೆ ಬಿಪಿ ಇತ್ತು. ಬಸುರಿಯಾದ ಮೇಲೆ ಡಾಕ್ಟರು ಮಾತ್ರೆ ಬದಲಾಯಿಸಿ, ನಿಲ್ಲಿಸಬಾರದು ಎಂದು ಹೇಳಿದ್ದರು. ಆ ಮಾತ್ರೆ ಮುಗಿಯಿತು. ಬಂದ ಕಾರ್ಯಕರ್ತೆ ಚೀಟಿ ಹಿಡಿದು ಕಬ್ಬಿಣದ ಮಾತ್ರೆ ಕೇಳಿದರು, ಮಗು ಮಿಸುಕುತ್ತದಾ ಕೇಳಿದರು. ಎಲ್ಲದಕ್ಕೂ ಹೂಂ ಎನ್ನುವ ಉತ್ತರ ಬಂತು. ಬಿಪಿ ಮಾತ್ರೆಯ ಮಾತು ಚೀಟಿಯಲ್ಲಿ ಇರಲಿಲ್ಲ. ಯಾರೂ ಕೇಳದ್ದರಿಂದ ಇನ್ನು ಅದು ಬೇಡವಾಗಿರಬೇಕು ಎಂದು ಆ ಹೆಣ್ಣುಮಗಳು ತಿಳಿದಳು.

ವಿದ್ಯಾರ್ಥಿನಿಯ ತಾಯಿ ಊರಿಗೆ ಬಂದ ದಿನವೇ ಸಂಜೆ ಒಂದು ಸುತ್ತು ಹೋದರಂತೆ. ಆ ಮನೆಯ ಜಗಲಿಯಲ್ಲಿ ಕೂತಿದ್ದ ಬಸುರಿಯ ಪಾದ ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ತಲೆ ಸಿಡಿಯುತ್ತದೆ, ಕಣ್ಣು ಮಂಜು ಮಂಜು ಅಂದಳಂತೆ. ಆಕೆ ಇನ್ನೇನೂ ಕೇಳದೆ ಆಟೋ ಹತ್ತಿಸಿ ಮಳವಳ್ಳಿ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದರು. ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕಾಯಿತು. ಅಂಗೈಯಷ್ಟು ಇದ್ದ ಹೆಣ್ಣು ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು.

ಇದೆಲ್ಲ ನನಗೆ ಗೊತ್ತಾದದ್ದು ನಾಲ್ಕು ದಿನ ಕಳೆದ ಮೇಲೆ. ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಆ ಒಂದು ಹಾಳೆಯ ಚೀಟಿ.

“ಮಿಸ್, ನನ್ ಪ್ರೋಗ್ರಾಮಿಂದ ತಪ್ಪಾಗೋಗದೆ.”

ನಡೆದದ್ದನ್ನೆಲ್ಲ ಹೇಳಿದಳು. ನಾನು ಹೇಳಿದ್ದಕ್ಕೆ ಆ ಸಾಲು ತೆಗೆದೆ ಎಂದು ಅವಳು ಒಂದು ಸಲವೂ ಅನ್ನಲಿಲ್ಲ. “ಗರ್ಭಿಣಿ ಕ್ಲಾಸಲ್ಲಿ ಸೂಪರ್ ಕರೆದಿಲ್ಲ ಮಿಸ್, ಅದಕ್ಕೆ ಹಳೇ ಕಾಯ್ಲೆ ಬಂದಿಲ್ಲ” ಅಂದಳು, ಅಷ್ಟೇ. ನನಗೆ ಮೊದಲು ಹೊಳೆಯಲಿಲ್ಲ. ಹೊಳೆದಾಗ ಕೂತಿದ್ದ ಕುರ್ಚಿಯ ಕೈ ಹಿಡಿದುಕೊಂಡೆ.

“ನೀನು ಬರೆದಿದ್ದೆ. ತೆಗೆಸಿದ್ದು ನಾನು” ಅಂದೆ.

ಅವಳು ಅಳತೊಡಗಿದಳು. ಅಷ್ಟು ಹೊತ್ತು ಅವಳು ತಡೆದುಕೊಂಡಿದ್ದು ನಾನು ಆ ಮಾತು ಹೇಳುತ್ತೇನೋ ಇಲ್ಲವೋ ಎಂದು ಇರಬಹುದು. ನನಗೆ ಈಗಲೂ ಹಾಗೇ ಅನ್ನಿಸುತ್ತದೆ. ಆ ದಿನ ನಾನು ಬೇರೆ ಏನಾದರೂ ಹೇಳಿದ್ದರೆ ಅವಳು ಅದನ್ನೂ ಒಪ್ಪಿಕೊಂಡು, ಚೀಟಿ ಮಡಚಿಕೊಂಡು ಹೋಗಿಬಿಡುತ್ತಿದ್ದಳು.

ಭಾನುವಾರ ಅವರ ಊರಿಗೆ ಹೋದೆ. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಊರಿನ ಗೇಟಿನಲ್ಲಿ ಇಳಿದು ನಡೆದೆ. ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಲಸಿಕೆಯ ಕ್ಯಾಲೆಂಡರು. ಆ ತಾಯಿ ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಚಾಪೆ ಹಾಸಿ “ಕುಂತ್ಕಳಿ ಮೇಡಂ” ಅಂದರು. ಕೂತುಕೊಳ್ಳದೆಯೇ ಹೇಳಿಬಿಟ್ಟೆ. ನಿಮ್ಮ ಮಗಳು ಸರಿಯಾಗಿಯೇ ಬರೆದಿದ್ದಳು, ಹಾಳೆ ಚೆನ್ನಾಗಿ ಕಾಣಲಿ ಎಂದು ನಾನು ಆ ಸಾಲು ತೆಗೆಸಿದೆ ಎಂದು.

ಆಕೆ ನನ್ನ ಮುಖ ನೋಡಿದರು.

“ಬಸ್ರಿ ಅಂದ್ ತಕ್ಸಣ ಆವಮ್ಮಂಗಿರೋ ಬಿಪಿ ಎಲ್ಗೋಯ್ತದೆ ಮೇಡಂ? ನೀವ್ ಓದ್ದೋರಲ್ವಾ? ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?”

“ಕೇಳಬೇಕಿತ್ತು.”

“ಅತ್ಲಾಗೆ ಎಲ್ಡು ಜೀವ ಓಗ್ಬುಡ್ತಿತ್ತು.”

ಮಗಳು “ಅಮ್ಮ, ಸುಮ್ಕಿರು” ಅಂದಳು. ಆಕೆ ಮಗಳ ಕಡೆ ತಿರುಗಿ, “ನೀ ಯಾಕಮ್ಮಿ ಬಾಯ್ಮುಚ್ಕಂಡಿದ್ದೆ? ಗೊತ್ತಿತ್ತಲ್ವಾ ನಿಂಗೆ?” ಎಂದು ಗದರಿದರು. ನಾನು ಅದು ಅವಳ ತಪ್ಪಲ್ಲ ಎಂದೆ. ಅವಳು ಹೇಳಲು ಬಂದಳು, ನಾನು ಮುಗಿಸಲು ಬಿಡಲಿಲ್ಲ ಎಂದೆ.

ಆಕೆ ಒಳಗೆ ಹೋದರು. ಕೋಪ ಮಾಡಿಕೊಂಡು ಹೋದರು ಎಂದುಕೊಂಡೆ. ಹೊರಗೆ ಬಂದಾಗ ಕೈಯಲ್ಲಿ ತಟ್ಟೆ ಇತ್ತು. ಬಿಸಿ ಮುದ್ದೆ, ಉಪ್ಪೆಸರು.

“ಉಣ್ಣಿ. ಬಿಸ್ಲಲ್ಲಿ ಬಂದಿದೀರ.” ನನ್ನ ಎದುರು ಕೂತು ಅವರೇ ಅಂದರು: “ನಂದೂ ಐತೆ ಮೇಡಂ. ನಾನು ಚೀಟಿ ಯಾವತ್ತೂ ಓದ್ಲೇ ಇಲ್ಲ. ಮಗ್ಳು ಮಾಡವ್ಳೆ ಅಂತ ಊರಿಗೆಲ್ಲ ತೋರುಸ್ದೆ, ಒಳಗೆ ಏನೈತೆ ಅಂತ ನೋಡ್ಲಿಲ್ಲ. ಓಗೋವಾಗ ಪಕ್ಕದೂರಿನವ್ಳಿಗೆ ಅದ್ನೇ ಕೊಟ್ಟೋದೆ. ಅವ್ಳೂ ಅಳ್ತಾ ಕುಂತವ್ಳೆ, ನಾ ಒಂದ್ ಮಾತು ಕೇಳ್ಬೇಕಿತ್ತು ಅಂತ.”

ಮುಂದಿನ ವಾರ ಆ ತಾಯಿ, ನಾನು ಇಬ್ಬರೂ ಮಂಡ್ಯದ ಆಸ್ಪತ್ರೆಗೆ ಹೋದೆವು. ಬಾಣಂತಿ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೈದು ದಾಟಿರಲಾರದು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಕ್ಲಾಸು, ಮೆಥಡ್ ಎಂದೆಲ್ಲ ಹೇಳಲಿಲ್ಲ. ನಿಮ್ಮ ಬಿಪಿ ಮಾತ್ರೆ ಕೇಳಬೇಕು ಅನ್ನುವ ಸಾಲು ಚೀಟಿಯಲ್ಲಿತ್ತು, ಅದನ್ನು ನಾನು ತೆಗೆಸಿದ್ದೆ ಎಂದೆ. ಅವಳಿಗೆ ಅದು ಎಷ್ಟು ಅರ್ಥವಾಯಿತೋ. “ಕೂಸು ಕಣ್ ಬುಟ್ಟದೆ, ನೋಡ್ಕಂಡು ಓಗಿ” ಅಂದಳು. ಅವಳ ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಕೂಲಿ ಕೆಲಸ ಬಿಟ್ಟು ಹತ್ತು ದಿನದಿಂದ ಅಲ್ಲೇ ಇದ್ದವನು, ಗಡ್ಡ ಬಂದಿತ್ತು. ನನ್ನನ್ನು ನೋಡದೆ ಕಾರ್ಯಕರ್ತೆಗೆ ಹೇಳಿದ: “ಅಕ್ಕ, ಇನ್ಮ್ಯಾಕೆ ಆ ಚೀಟಿ ಇಡ್ಕಂಡು ನಮ್ಮನೆ ಬಾಗ್ಲಿಗೆ ಬರ್ಬೇಡ. ನೀ ಬಾ. ಚೀಟಿ ಬ್ಯಾಡ.”

“ಆಯ್ತು ಕಣಪ್ಪ” ಅಂದರು ಅವರು.

ಗಾಜಿನ ಆಚೆಯಿಂದ ಕೂಸನ್ನು ನೋಡಿದೆ. ಅದರ ಕಾಲಿಗೆ ಸುತ್ತಿದ್ದ ಪಟ್ಟಿ ಅದರ ತೊಡೆಗಿಂತ ದಪ್ಪವಿತ್ತು. ನನಗೂ ಇಬ್ಬರು ಮಕ್ಕಳು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಚೀಟಿ ನಿಂತುಹೋಯಿತು. ಹುಡುಗಿ ಬೇರೆ ಪ್ರಾಜೆಕ್ಟು ಮಾಡುತ್ತೇನೆ, ಗ್ರಂಥಾಲಯದ್ದೇ ಸಾಕು ಅಂದಳು. ಪರೀಕ್ಷೆಗೆ ಎರಡು ತಿಂಗಳಿತ್ತು. ನಾನು ಬಲವಂತ ಮಾಡಲಿಲ್ಲ. ಬಲವಂತ ಮಾಡುವ ಮುಖವೂ ನನಗಿರಲಿಲ್ಲ. ವಿಭಾಗದಲ್ಲಿ ಹಿರಿಯರೊಬ್ಬರಿಗೆ ಎಲ್ಲ ತಿಳಿಸಿದೆ. “ಆಗಿದ್ದು ಆಯಿತು, ರಿಪೋರ್ಟಿನಲ್ಲಿ ಮಾತ್ರ ಇದನ್ನೆಲ್ಲ ಬರೆಸಬೇಡಿ” ಎಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಆ ಹುಡುಗಿಯ ಮನಸ್ಸು ತಿರುಗಿಸಿದ್ದು ಅವಳ ತಾಯಿ. ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಲ್ಯಾಬಿಗೆ ಬಂದರು. ತಾಯಿ ಗುಲಾಬಿ ಸೀರೆಯ ಸಮವಸ್ತ್ರದಲ್ಲೇ ಇದ್ದರು, ಮೀಟಿಂಗ್ ಮುಗಿಸಿ ನೇರ ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತರು.

“ಓದು” ಅಂದರು ಮಗಳಿಗೆ. “ಒಂದೊಂದ್ ಸಾಲೂ ಓದು. ಇಂಗ್ಲೀಸು ಇದ್ರೆ ಕನ್ನಡ ಮಾಡಿ ಓದು.”

ಹುಡುಗಿ ಓದುತ್ತಾ ಹೋದಳು. ತಾಯಿ ನಡುನಡುವೆ ತಡೆದರು. ‘ವ್ಯಕ್ತಿ’ಯಲ್ಲಿ ಹಳೆಯ ಕಾಯಿಲೆ ಒಂದೇ ಬರೆಯಲು ಜಾಗ ಇದ್ದದ್ದನ್ನು ಹಿಡಿದರು. ಕೆಲವರಿಗೆ ಎರಡು ಮೂರು ಇರುತ್ತವೆ ಅಂದರು. ಮಾತ್ರೆ ಮುಗಿಯುವ ದಿನ ಗೊತ್ತಿದ್ದರೆ ಮೊದಲೇ ಎಚ್ಚರಿಸಬಹುದಲ್ಲ ಅಂದರು. ಬಾಣಂತಿ ಕ್ಲಾಸಿಗೆ ಬಂದಾಗ ಅಲ್ಲೂ ಸೂಪರ್ ಇಲ್ಲ ಎಂದು ಹುಡುಗಿಗೇ ಕಂಡಿತು. ಒಂದೇ ತೆರನಾಗಿ ಕಾಣಲಿ ಎಂದು ಅವತ್ತೇ ಅಲ್ಲೂ ತೆಗೆದಿದ್ದಳು. ಇಬ್ಬರೂ ನನ್ನ ಕಡೆ ನೋಡಿದರು. ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.

ಎರಡು ಕಡೆಯೂ ಆ ಸಾಲು ಮತ್ತೆ ಬಂತು, ಎಲ್ಲಕ್ಕಿಂತ ಮೊದಲು. ಎರಡು ಸಲ ಬರುತ್ತಿದ್ದ ಜ್ವರದ ಪ್ರಶ್ನೆಯನ್ನು ಕೆಳಗಿನ ಕ್ಲಾಸಿನಿಂದ ಅಳಿಸಿದೆವು. ಅವತ್ತು ನಾನು ಮಾಡಿಸಬೇಕಿದ್ದದ್ದು ಇಷ್ಟೇ ಆಗಿತ್ತು. ಆಮೇಲೆ ಬಿಪಿ ಇರುವ ಬಸುರಿ, ಸಕ್ಕರೆ ಕಾಯಿಲೆಯ ಬಾಣಂತಿ, ಮೂರ್ಛೆ ಬರುವ ಬಸುರಿ ಎಂದು ತಾಯಿ ಒಬ್ಬೊಬ್ಬರನ್ನೇ ಹೇಳುತ್ತಾ ಹೋದರು. ಹುಡುಗಿ ಒಬ್ಬೊಬ್ಬರಿಗೂ ಚೀಟಿ ತೆಗೆದು ತೋರಿಸಿದಳು. ಹಾಳೆ ಎರಡಾದವು, ಕೆಲವಕ್ಕೆ ಮೂರು. ತಾಯಿ ಪೆನ್ನು ಹಿಡಿದು ಪ್ರತಿ ಹಾಳೆಯನ್ನೂ ಓದಿ ಮುಗಿಸುವಷ್ಟರಲ್ಲಿ ಅವರ ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

ರಿಪೋರ್ಟಿನಲ್ಲಿ ನಡೆದದ್ದನ್ನು ಅವಳು ಬರೆದಳು, ಯಾರ ಹೆಸರೂ ಇಲ್ಲದೆ. ‘ಮಾರ್ಗದರ್ಶಕರ ಸಲಹೆಯಂತೆ ಈ ಸಾಲನ್ನು ತೆಗೆಯಲಾಗಿತ್ತು’ ಎಂದು ಸೇರಿಸಬೇಕೆಂದು ಹೇಳಿದ್ದು ನಾನು. ಅವಳು ಎರಡು ಸಲ ಬೇಡವೆಂದಳು. ಮೂರನೇ ಸಲ ನಾನೇ ಟೈಪ್ ಮಾಡಿದೆ. ವೈವಾಕ್ಕೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಪುಟವನ್ನು ಓದಿ, ಕನ್ನಡಕ ತೆಗೆದು, ಪ್ರೋಗ್ರಾಮಿನ ಬಗ್ಗೆ ಏನೂ ಕೇಳದೆ, “ಮಗು ಹೇಗಿದೆಯಮ್ಮ?” ಅಂದರು.

“ಚೆನ್ನಾಗದೆ ಸರ್. ಮನೆಗ್ ಬಂದದೆ” ಅಂದಳು.

ಹುಡುಗಿ ಪಾಸಾದಳು. ಈಗ ಮಂಡ್ಯದಲ್ಲಿ ಎಂಸಿಎ ಓದುತ್ತಿದ್ದಾಳೆ. ತಾಯಿ ಚೀಟಿಯನ್ನು ಮತ್ತೆ ಬಳಸತೊಡಗಿದ್ದಾರೆ. ಅಂಚಿನಲ್ಲಿ ಕೈಯಲ್ಲಿ ಬರೆದುಕೊಂಡದ್ದನ್ನು ಮಗಳ ಫೋನಿಗೆ ಫೋಟೋ ತೆಗೆದು ಕಳಿಸುತ್ತಾರೆ, ಅವಳು ತಿದ್ದುತ್ತಾಳೆ. ಆ ಒಂದು ಮನೆಗೆ ಮಾತ್ರ ಅವರು ಈಗಲೂ ಬರಿಗೈಯಲ್ಲೇ ಹೋಗುತ್ತಾರೆ. ಕೊಟ್ಟ ಮಾತು ಅದು.

ಹೋದ ತಿಂಗಳು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. “ಮೇಡಂ, ನೀವು ಮಂಡ್ಯಕ್ಕೆ ಬಂದಿದ್ರಲ್ವಾ?” ಎಂದು ಯಾರೋ ಕೇಳಿದರು. ತಿರುಗಿದರೆ ಆ ಹೆಣ್ಣುಮಗಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಸೊಂಟದ ಮೇಲೆ ಕೂಸು, ಕಿವಿ ಚುಚ್ಚಿಸಿ ಇನ್ನೂ ಎರಡು ದಿನವಾಗಿರಲಿಲ್ಲ, ಅದಕ್ಕೇ ಸಿಡಿಮಿಡಿ.

“ಒಂಚೂರು ಇಡ್ಕಳಿ ಮೇಡಂ, ನೀರ್ ತಕ್ಕಂಡ್ ಬತ್ತೀನಿ” ಎಂದು ಕೂಸನ್ನು ನನ್ನ ಕೈಗೆ ಕೊಟ್ಟು ಅಂಗಡಿಯ ಕಡೆ ಹೋದಳು. ಕೂಸು ನನ್ನ ಮುಖ ನೋಡಿ ಅಳಲು ಬಾಯಿ ತೆರೆಯಿತು, ಆಮೇಲೆ ಮನಸ್ಸು ಬದಲಾಯಿಸಿ ನನ್ನ ಕನ್ನಡಕಕ್ಕೆ ಕೈ ಹಾಕಿತು. ತೂಕ ಇತ್ತು. ಅವಳು ಬರುವಷ್ಟರಲ್ಲಿ ನನ್ನ ಬಸ್ಸು ಬಂದು, ನಿಂತು, ಹೊರಟೂ ಹೋಯಿತು.